ಮೂಲೆ ಸೇರಿದ ಪವರ್ ಟಿಲ್ಲರನ್ನು ಮತ್ತೆ ತೋಟಕ್ಕಿಳಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಆನೇಕಲ್ ಸುತ್ತಿನ ಹಳೇ ತೋಟಗಳಲ್ಲಿ ಪಂಪ್‌ಹೌಸಿನ ಮಗ್ಗುಲಲ್ಲಿ ತಗಡಿನ ಕೆಳಗೊಂದು ಟಿಲ್ಲರ್ ನಿಂತೇ ಇರುತ್ತದೆ. ಅರ್ಧ ಜಮೀನು ಲೇಔಟಿಗೆ ಹೋಗಿರುತ್ತದೆ, ಓಡಿಸುತ್ತಿದ್ದವರಿಗೆ ವಯಸ್ಸಾಗಿರುತ್ತದೆ, ಅಷ್ಟೆ. ಯಂತ್ರದಲ್ಲಿ ದೊಡ್ಡ ದೋಷ ಇರುವುದು ಕಡಿಮೆ. ವರ್ಷಗಟ್ಟಲೆ ನಿಂತ ಟಿಲ್ಲರಿಗೆ ನಿಂತಿದ್ದರಿಂದ ಆಗುವ ಹಾನಿಗಿಂತ ‘ಸುಮ್ನೆ ಒಂದ್ಸಲ ಹ್ಯಾಂಡಲ್ ಹೊಡೆದು ನೋಡೋಣ’ ಅಂತ ಹೊಡೆದಾಗ ಆಗುವ ಹಾನಿಯೇ ಹೆಚ್ಚು. ತುಕ್ಕು ಹಿಡಿದ ಲೈನರಿನಲ್ಲಿ (ಪಿಸ್ಟನ್ ಓಡಾಡುವ ಕೊಳವೆ) ಪಿಸ್ಟನ್ನಿನ ಒಣ ರಿಂಗ್ ಉಜ್ಜುತ್ತದೆ, ಆಯಿಲ್ ಬದಲು ನೀರು ಬೇರಿಂಗಿಗೆ ಹೋಗುತ್ತದೆ, ಡೀಸೆಲ್ ಪಂಪಿನಲ್ಲಿ ಡೀಸೆಲ್ ಪ್ರಮಾಣ ಹೆಚ್ಚು ಕಡಿಮೆ ಮಾಡುವ ರ‍್ಯಾಕ್ ಅಂಟಿಕೊಂಡಿದ್ದರೆ ಇಂಜಿನ್ ಕೈಗೆ ಸಿಗದಂತೆ ಓಡುತ್ತದೆ. ಅದಕ್ಕೇ ಕೆಳಗಿನ ಕ್ರಮದಲ್ಲಿ ಹ್ಯಾಂಡಲ್ ಹೊಡೆಯುವುದು ಬಹಳ ತಡವಾಗಿ ಬರುತ್ತದೆ.

ಇಲ್ಲಿ ಹೇಳುವುದೆಲ್ಲ ಒಂದೇ ಸಿಲಿಂಡರಿನ, ಅಡ್ಡ ಮಲಗಿದ, ನೀರಿನಿಂದ ತಣಿಯುವ ಡೀಸೆಲ್ ಇಂಜಿನ್ನಿನ ಟಿಲ್ಲರಿಗೆ ಅನ್ವಯ. ನಮ್ಮ ಕಡೆ ಕಾಣುವುದು ಹೆಚ್ಚಾಗಿ ಇದೇ. ಮಿತ್ಸುಬಿಷಿ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲೇ ಶುರುವಾದ ವಿಎಸ್‌ಟಿ ಕಂಪನಿಯ 13 ಎಚ್‌ಪಿ ‘ಶಕ್ತಿ 130 ಡಿಐ’ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಮಾಡೆಲ್. ಬೇರೆ ಮೇಕ್‌ಗಳಲ್ಲೂ ಕೆಲಸದ ಕ್ರಮ ಇದೇ. ಅಳತೆಗಳನ್ನು ಮಾತ್ರ ನಿಮ್ಮ ಮಾಡೆಲಿನ ಮ್ಯಾನ್ಯುಯಲ್ ನೋಡಿಯೇ ತಗೊಳ್ಳಿ. ಪುಸ್ತಕ ಕಳೆದುಹೋಗಿದ್ದರೆ ಇಂಜಿನ್ ನಂಬರ್, ಚಾಸಿಸ್ ನಂಬರ್ ಬರೆದುಕೊಂಡು ಡೀಲರ್ ಹತ್ತಿರ ಹೋದರೆ ಸಿಗುತ್ತದೆ.

ಕೈ ಹಾಕುವ ಮೊದಲು

ಬೇರೆಯವರ ಟಿಲ್ಲರ್ ಕೊಳ್ಳುತ್ತಿದ್ದರೆ ಹಳೇ ಬಿಲ್ ಕೇಳಿ. ಟಿಲ್ಲರುಗಳನ್ನು ಸಾಲದಲ್ಲೋ ಸಬ್ಸಿಡಿಯಲ್ಲೋ ತಂದಿರುವುದೇ ಜಾಸ್ತಿ, ಸಾಲ ತೀರಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಯಂತ್ರದ ಸುತ್ತ ಒಂದು ಸುತ್ತು ಬನ್ನಿ. ಗೇರ್‌ಬಾಕ್ಸ್ ಕೇಸಿನಲ್ಲಿ, ಇಂಜಿನ್ ಬ್ಲಾಕಿನಲ್ಲಿ, ರೋಟರಿಯ (ಮಣ್ಣು ಉಳುವ ಬ್ಲೇಡುಗಳ ಭಾಗ) ಚೈನ್ ಕೇಸಿನಲ್ಲಿ ಬಿರುಕೋ ವೆಲ್ಡಿಂಗ್ ಗುರುತೋ ಇದೆಯಾ ನೋಡಿ. ಎರಕದ ಕೇಸಿಗೆ ವೆಲ್ಡಿಂಗ್ ಆಗಿದ್ದರೆ ಆ ಯಂತ್ರ ಬಿಟ್ಟುಬಿಡಿ. ರಿಂಗ್, ಲೈನರ್, ಸೀಲ್, ಬೆಲ್ಟ್ ಎಲ್ಲ ಹೋಗಿದ್ದರೂ ಚಿಂತೆಯಿಲ್ಲ, ಅವು ಬದಲಾಯಿಸುವ ಮಾಲೇ. ಗೇರ್‌ಬಾಕ್ಸ್ ಕೇಸ್ ಒಡೆದಿದ್ದರೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಸೈಲೆನ್ಸರ್ ಬಾಯಿ ಮುಚ್ಚಿತ್ತಾ ಅನ್ನುವುದು ಮುಖ್ಯ ಪ್ರಶ್ನೆ. ತೆರೆದ ಸೈಲೆನ್ಸರಿನೊಳಗೆ ಮಳೆನೀರು ಇಳಿದು, ಎಕ್ಸಾಸ್ಟ್ ವಾಲ್ವ್ ತೆರೆದೇ ನಿಂತಿದ್ದರೆ, ನೇರ ಸಿಲಿಂಡರಿಗೆ ಹೋಗುತ್ತದೆ. ಇಂಜಿನ್ ಜಾಮ್ ಆಗಲು ಈ ಭಾಗದಲ್ಲಿ ಬಹುಪಾಲು ಇದೇ ಕಾರಣ. ಒಂದು ಖಾಲಿ ಡಬ್ಬ ಬೋರಲು ಹಾಕಿದ್ದರೆ ಸಾಕಿತ್ತು. ಏರ್ ಕ್ಲೀನರನ್ನೂ ಬಿಚ್ಚಿ ನೋಡಿ, ಇಲಿ ಗೂಡು ಕಟ್ಟಿರುವುದು ಮಾಮೂಲು.

ಬೇಕಾದ ಸಾಮಾನು: 8ರಿಂದ 24ರವರೆಗೆ ರಿಂಗ್ ಸ್ಪ್ಯಾನರ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವುದು), ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ಸರ್ಕ್ಲಿಪ್ ಪ್ಲೈಯರ್, ವಾಲ್ವ್ ಗ್ರೈಂಡಿಂಗ್ ಪೇಸ್ಟ್, ವೈರ್ ಬ್ರಶ್, ಉಪ್ಪುಕಾಗದ, ಐದಾರು ಲೀಟರ್ ಡೀಸೆಲ್, ವೇಸ್ಟ್ ಬಟ್ಟೆ, ದಪ್ಪ ಮರದ ತುಂಡುಗಳು. ಟಾರ್ಕ್ ರೆಂಚ್ ದುಬಾರಿ ಅನಿಸಿದರೆ ಬಾಡಿಗೆಗೋ ಕಡಕ್ಕೋ ತನ್ನಿ, ಅದಿಲ್ಲದೆ ಸಿಲಿಂಡರಿನ ಬಾಯಿ ಮುಚ್ಚುವ ಹೆಡ್ ಕಟ್ಟಬೇಡಿ. ಬೋಲ್ಟುಗಳನ್ನೆಲ್ಲ ಒಂದೇ ಬಕೆಟಿಗೆ ಹಾಕಬೇಡಿ. ಒಂದೊಂದು ಭಾಗದ್ದು ಒಂದೊಂದು ಕವರಿನಲ್ಲಿ, ಮೇಲೊಂದು ಚೀಟಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಮುಖ್ಯವಾಗಿ ಆಕ್ಸಿಲರೇಟರ್ ವೈರ್ ಮತ್ತು ಕ್ಲಚ್ ರಾಡುಗಳದ್ದು.

ಆಯಿಲ್ ಏನು ಹೇಳುತ್ತದೆ

ಇಂಜಿನ್ ಡ್ರೈನ್ ನಟ್ಟನ್ನು ಪೂರ್ತಿ ಬಿಚ್ಚದೆ ಎರಡು ಸುತ್ತು ಸಡಿಲಿಸಿ, ಕೆಳಗೆ ಬಿಳಿ ಪ್ಲಾಸ್ಟಿಕ್ ಡಬ್ಬ ಇಡಿ. ನೀರು ಆಯಿಲಿಗಿಂತ ಭಾರ, ವರ್ಷಗಳಿಂದ ನಿಂತಿದ್ದರೆ ತಳಕ್ಕೆ ಇಳಿದಿರುತ್ತದೆ. ಹಾಗಾಗಿ ಮೊದಲು ತೊಟ್ಟಿಕ್ಕುವುದು ಅದೇ. ಬರೀ ಕಪ್ಪು ಆಯಿಲ್ ಬಂದರೆ ಒಳ್ಳೆ ಸುದ್ದಿ. ಮೊದಲು ಅರ್ಧ ಲೋಟ ನೀರು, ಆಮೇಲೆ ಆಯಿಲ್ ಬಂದರೆ ಮಳೆನೀರು ಇಳಿದಿರಬಹುದು, ಲೈನರಿನ ಕೆಳಗಿನ ರಬ್ಬರ್ ರಿಂಗ್ ಹೋಗಿ ಕೂಲಿಂಗ್ ನೀರೂ ಸೋರಿರಬಹುದು. ಆಯಿಲೇ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದ ಮೇಲೂ ಇಂಜಿನ್ ಓಡಿದೆ ಅಂತ ಅರ್ಥ. ಆಗ ಕನೆಕ್ಟಿಂಗ್ ರಾಡಿನ ಬೇರಿಂಗ್ ಬಿಚ್ಚಿ ನೋಡದೆ ಮುಂದೆ ಹೋಗುವಂತಿಲ್ಲ.

ಉಳಿದ ಆಯಿಲನ್ನು ಬಟ್ಟೆಯಲ್ಲಿ ಸೋಸಿ ನೋಡಿ. ಬೂದಿಯಂಥ ಸಣ್ಣ ಪುಡಿ ಸಹಜ. ಬಿಸಿಲಿಗೆ ಹಿಡಿದಾಗ ತಾಮ್ರದ ಬಣ್ಣದಲ್ಲೋ ಬೆಳ್ಳಿಯ ಬಣ್ಣದಲ್ಲೋ ಹೊಳೆಯುವ ಚೂರು ಕಂಡರೆ ಬೇರಿಂಗ್ ಸವೆದಿದೆ. ಗೇರ್‌ಬಾಕ್ಸ್ ಮತ್ತು ರೋಟರಿ ಚೈನ್ ಕೇಸಿನ ಆಯಿಲಿಗೂ ಇದೇ ಪರೀಕ್ಷೆ ಮಾಡಿ. ಚೈನ್ ಕೇಸಿನಿಂದ ಕೆಸರು ಬರುವುದು ತೀರಾ ಸಾಮಾನ್ಯ. ಬ್ಲೇಡ್ ಶಾಫ್ಟಿಗೆ ಸುತ್ತಿಕೊಂಡ ಹುಲ್ಲು, ಡ್ರಿಪ್ ಪೈಪಿನ ಚೂರು, ತಂತಿ ಎಲ್ಲ ಸೇರಿ ಆಯಿಲ್ ಸೀಲನ್ನು ಕುಯ್ದಿರುತ್ತವೆ.

ಇಂಜಿನ್ ಜಾಮ್ ಆಗಿದ್ದರೆ

ಡಿಕಂಪ್ರೆಶನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವುದು) ಎತ್ತಿ, ಗೇರ್ ನ್ಯೂಟ್ರಲಿನಲ್ಲಿಟ್ಟು, ಫ್ಲೈವೀಲನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಒಂದು ಸುತ್ತು ಪೂರ್ತಿ ತಿರುಗಿದರೆ ಈ ಭಾಗ ಬಿಟ್ಟು ಮುಂದೆ ಹೋಗಿ.

ತಿರುಗದಿದ್ದರೆ ಹ್ಯಾಂಡಲ್ ಹಾಕಿ ಇಬ್ಬರು ನೇತಾಡಬೇಡಿ. ಹ್ಯಾಂಡಲಿನ ಕಚ್ಚು ಮುರಿಯುತ್ತದೆ, ರಿಂಗ್ ಬಿಡುವುದಿಲ್ಲ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಆಯಿಲನ್ನು ಸಮಸಮ ಬೆರೆಸಿ ನೂರು ಎಂಎಲ್‌ನಷ್ಟು ಬಿಡಿ. ಇಲ್ಲೊಂದು ಸೂಕ್ಷ್ಮವಿದೆ. ಸಿಲಿಂಡರ್ ಅಡ್ಡ ಮಲಗಿರುವುದರಿಂದ ಬಿಟ್ಟ ಎಣ್ಣೆ ಕೆಳಗಿನ ಗೋಡೆಯಲ್ಲಷ್ಟೇ ನಿಂತು, ಮೇಲರ್ಧದ ರಿಂಗಿಗೆ ತಾಗುವುದೇ ಇಲ್ಲ. ಆದ್ದರಿಂದ ಹೆಡ್ ಇರುವ ಕಡೆ ಮೇಲಾಗುವಂತೆ ಜಾಕ್ ಕೊಟ್ಟು ಯಂತ್ರವನ್ನು ಆದಷ್ಟು ವಾಲಿಸಿ, ಮರದ ತುಂಡು ಭದ್ರವಾಗಿಟ್ಟು ಎರಡು ಮೂರು ದಿನ ಹಾಗೇ ಬಿಡಿ. ದಿನಕ್ಕೆರಡು ಸಲ ಫ್ಲೈವೀಲನ್ನು ಎರಡೂ ಕಡೆಗೆ ಒತ್ತಿ ನೋಡಿ. ಕೂದಲೆಳೆಯಷ್ಟು ಅಲ್ಲಾಡಿದರೂ ಗೆದ್ದಂತೆಯೇ. ಅಲ್ಲಾಡಿಸುತ್ತಲೇ ಹೋದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಬಿಟ್ಟ ಮೇಲೆ ಒಳಗಿನ ಎಣ್ಣೆ ಹೊರಹಾಕದೆ ನಾಝಲ್ ಕೂರಿಸಿ ತಿರುಗಿಸಬೇಡಿ. ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಹೆಡ್ ಬಿಚ್ಚಿ. ಸಿಲಿಂಡರಿನ ಬೋರಿಗಿಂತ (ಒಳ ಅಗಲ) ಸ್ವಲ್ಪ ಸಣ್ಣ ಗುಂಡನೆಯ ಮರದ ತುಂಡನ್ನು ಪಿಸ್ಟನ್ ಮೇಲಿಟ್ಟು ಮರದ ಸುತ್ತಿಗೆಯಿಂದ ಹದವಾಗಿ ತಟ್ಟಬೇಕು. ಪಿಸ್ಟನ್ ಪೂರ್ತಿ ಮೇಲೋ ಪೂರ್ತಿ ಕೆಳಗೋ ನಿಂತಿದ್ದರೆ ತಟ್ಟಬೇಡಿ, ಆ ಪೆಟ್ಟೆಲ್ಲ ಕ್ರ್ಯಾಂಕಿಗೆ ಹೋಗುತ್ತದೆ. ಹಾಗಿದ್ದಾಗ ಲೈನರ್ ಸಮೇತ ಹೊರತೆಗೆಯುವುದೇ ದಾರಿ.

ಹೆಡ್, ವಾಲ್ವ್, ರಿಂಗ್

ಸಲೀಸಾಗಿ ತಿರುಗುವ ಇಂಜಿನ್ನಿಗೆ ಹೆಡ್ ಬಿಚ್ಚಬೇಕಾ? ಡಿಕಂಪ್ರೆಶನ್ ಬಿಟ್ಟು ಫ್ಲೈವೀಲನ್ನು ನಿಧಾನಕ್ಕೆ ತಿರುಗಿಸಿ. ಒಂದು ಜಾಗದಲ್ಲಿ ಗಟ್ಟಿಯಾಗಿ ತಡೆದು, ಕೈಬಿಟ್ಟರೆ ಹಿಂದಕ್ಕೆ ಪುಟಿಯಬೇಕು. ಪುಟಿದರೆ ಕಂಪ್ರೆಶನ್ ಇದೆ, ಹೆಡ್ ಮುಟ್ಟಬೇಡಿ. ಹುಸ್ಸೆಂದು ಬಿಟ್ಟುಕೊಂಡರೆ ಎಲ್ಲಿಂದ ಅಂತ ಕಿವಿಗೊಡಿ. ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರ್ ಕಡೆ ಬಂದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗ್, ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಪ್ಯಾಕಿಂಗ್.

ವಾಲ್ವನ್ನು ಪೇಸ್ಟ್ ಹಾಕಿ ಉಜ್ಜುವುದು ಮನೆಯಲ್ಲೇ ಆಗುವ ಕೆಲಸ. ಸೀಟಿನ ಸುತ್ತಲೂ ಒಂದೇ ಅಗಲದ ಬೂದು ಪಟ್ಟಿ ಮೂಡಬೇಕು. ಆಮೇಲೆ ವಾಲ್ವ್ ಕೂರಿಸಿ ಪೋರ್ಟಿಗೆ ಡೀಸೆಲ್ ಹುಯ್ದು ಐದು ನಿಮಿಷ ಕಾಯಿರಿ, ತೊಟ್ಟಿಕ್ಕಬಾರದು. ಹೆಡ್ಡಿನ ಮೈ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಸಂದಿಗೆ 0.1 ಮಿ.ಮೀ. ಫೀಲರ್ ನುಗ್ಗಿಸಿ. ನುಗ್ಗಿದರೆ ಹೆಡ್ ಸೊಟ್ಟಗಾಗಿದೆ, ಪೀಣ್ಯದಲ್ಲೋ ಕಲಾಸಿಪಾಳ್ಯದಲ್ಲೋ ಸರ್ಫೇಸ್ ಗ್ರೈಂಡಿಂಗ್ ಮಾಡಿಸಬೇಕು.

ರಿಂಗಿನ ವಿಚಾರದಲ್ಲಿ ಮೋಸ ಹೋಗುವುದು ಸುಲಭ. ಹಳೇ ಲೈನರಿಗೆ ಹೊಸ ರಿಂಗ್ ಹಾಕಿ ‘ಸೆಟ್ ಆಗುತ್ತೆ’ ಅನ್ನುವವರು ಸಿಗುತ್ತಾರೆ. ಮೊದಲು ಹೊಸ ರಿಂಗನ್ನು ಲೈನರಿನ ಸವೆಯದ ತುದಿಯಲ್ಲಿ ಒಂದು ಸಲ, ಹೆಡ್ ಕಡೆ ರಿಂಗ್ ಓಡಾಡುವ ಜಾಗದಲ್ಲಿ ಒಂದು ಸಲ ನೇರವಾಗಿ ಕೂರಿಸಿ ಬಾಯಿಯ ಸಂದಿ ಅಳೆಯಿರಿ. ಈ ಗಾತ್ರದ ಬೋರಿಗೆ 0.3ರಿಂದ 0.5 ಮಿ.ಮೀ. ಸರಿ. ಎರಡು ಜಾಗದ ಅಳತೆಯಲ್ಲಿ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಲೈನರ್ ಸವೆದಿದೆ, ರಿಂಗ್ ಮಾತ್ರ ಬದಲಾಯಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ನೀಲಿ ಹೊಗೆ. ಲೈನರ್, ಪಿಸ್ಟನ್, ರಿಂಗ್, ಪಿನ್ ಸೇರಿದ ಕಿಟ್ಟನ್ನೇ ತನ್ನಿ. ಲೈನರ್ ಕೂರಿಸುವಾಗ ರಬ್ಬರ್ ರಿಂಗಿಗೆ ಸೋಪಿನ ನೀರು ಸವರಿ, ತಿರುಚದಂತೆ ಒಂದೇ ಸಮ ಒತ್ತಿ. ಕೂರಿಸಿದ ಮೇಲೆ, ಪಿಸ್ಟನ್ ಹಾಕುವ ಮೊದಲು, ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ಕೆಳಗೆ ಸೋರಿದೆಯಾ ನೋಡಿ. ಈ ಒಂದು ರಾತ್ರಿ ಉಳಿಸಲು ಹೋಗಿ ಇಂಜಿನ್ ಎರಡನೇ ಸಲ ಬಿಚ್ಚಿದವರು ಬಹಳ ಮಂದಿ.

ಹೆಡ್ ಪ್ಯಾಕಿಂಗ್ ಹೊಸದೇ ಇರಲಿ. ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಮೂರು ಹಂತದಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ನಂತರ ಪಿಸ್ಟನ್ನನ್ನು ಕಂಪ್ರೆಶನ್ ತುದಿಗೆ ತಂದು, ಇಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಸಂದಿ (ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನದು) ಸರಿಮಾಡಿ.

ಡೀಸೆಲ್ ದಾರಿ

ಟ್ಯಾಂಕನ್ನು ಬಿಚ್ಚಿ ತೆಗೆದು ಹಳೇ ಡೀಸೆಲ್ ಚೆಲ್ಲಿಬಿಡದೆ ಕ್ಯಾನಿಗೆ ತುಂಬಿಡಿ, ಸಾಮಾನು ತೊಳೆಯಲು ಬರುತ್ತದೆ. ಒಳಗೆ ತುಕ್ಕಿದ್ದರೆ ಒಂದು ಹಿಡಿ ಸಣ್ಣ ನಟ್ಟು, ಅರ್ಧ ಲೀಟರ್ ಡೀಸೆಲ್ ಹಾಕಿ ಚೆನ್ನಾಗಿ ಕುಲುಕಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ತೂತಾದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಸಾಹಸ ಬೇಡ, ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಫಿಲ್ಟರ್ ಹೊಸದು, ರಬ್ಬರ್ ಪೈಪುಗಳೂ ಹೊಸವು. ಹಳೇ ಪೈಪ್ ಹೊರಗೆ ಚೆನ್ನಾಗಿ ಕಂಡರೂ ತುದಿಯಲ್ಲಿ ಕೂದಲಿನಂಥ ಬಿರುಕಿದ್ದು ಗಾಳಿ ಎಳೆಯುತ್ತದೆ.

ಪಂಪನ್ನು ಬಿಚ್ಚುವಾಗ ಅದರ ತಳದ ತೆಳು ಪ್ಯಾಕಿಂಗುಗಳನ್ನು ಎಣಿಸಿಡಿ. ಟೈಮಿಂಗ್ ನಿಂತಿರುವುದು ಅವುಗಳ ಮೇಲೆ. ಒಂದು ಕಡಿಮೆಯಾದರೂ ಪಂಪ್ ಕ್ಯಾಮಿಗೆ ಹತ್ತಿರವಾಗಿ ಡೀಸೆಲ್ ಬೇಗ ಬೀಳುತ್ತದೆ, ಇಂಜಿನ್ ಕುಟ್ಟುತ್ತದೆ, ಹ್ಯಾಂಡಲ್ ವಾಪಸ್ ಒದೆಯುತ್ತದೆ. ಪಂಪಿನ ರ‍್ಯಾಕ್ ಬೆರಳ ತುದಿಯಲ್ಲಿ ತಳ್ಳಿದರೆ ಎಣ್ಣೆಯಲ್ಲಿ ಜಾರಿದಂತೆ ಅತ್ತಿತ್ತ ಹೋಗಬೇಕು. ಅಂಟಿದ್ದರೆ ಡೀಸೆಲಿನಲ್ಲಿ ನೆನೆಹಾಕಿ. ಪಂಪಿನೊಳಗೆ ಡೀಸೆಲ್ ಒತ್ತುವ ಎಲಿಮೆಂಟ್ ಬಿಚ್ಚುವುದು ಧೂಳಿರುವ ಜಾಗದಲ್ಲಿ ಮಾಡುವ ಕೆಲಸವಲ್ಲ, ಪಂಪ್ ಸರ್ವಿಸ್ ಅಂಗಡಿಗೆ ಕೊಡಿ. ಮರಳಿ ಕೂರಿಸುವಾಗ ರ‍್ಯಾಕಿನ ಪಿನ್ ಗವರ್ನರ್ (ಇಂಜಿನ್ ವೇಗ ಹತೋಟಿಯಲ್ಲಿಡುವುದು) ಕವೆಯೊಳಗೆ ಕೂತಿದೆಯಾ ಅಂತ ಕಣ್ಣಾರೆ ನೋಡಿ. ಕವೆ ತಪ್ಪಿಸಿ ಕೂರಿಸಿದ ಪಂಪಿನಿಂದಲೂ ಇಂಜಿನ್ ಹುಚ್ಚೆದ್ದು ಓಡುತ್ತದೆ.

ನಾಝಲನ್ನು ಅದೇ ಅಂಗಡಿಯಲ್ಲಿ ಟೆಸ್ಟರಿಗೆ ಹಾಕಿಸಿ. ಡೈರೆಕ್ಟ್ ಇಂಜೆಕ್ಷನ್ (ಡಿಐ) ಇಂಜಿನ್ನುಗಳಲ್ಲಿ ತೆರೆಯುವ ಒತ್ತಡ ಸಾಮಾನ್ಯವಾಗಿ ಚದರ ಸೆಂ.ಮೀ.ಗೆ 180ರಿಂದ 220 ಕೆಜಿ. ನಿಮ್ಮ ಮಾಡೆಲಿನ ನಿಖರ ಅಂಕಿ ಹೇಳಿ ಸೆಟ್ ಮಾಡಿಸಿ. ಸ್ಪ್ರೇ ಮಂಜಿನಂತೆ ಬಂದು ಕತ್ತರಿಸಿದಂತೆ ನಿಲ್ಲಬೇಕು, ತುದಿಯಲ್ಲಿ ಹನಿ ಉಳಿಯಬಾರದು. ಆ ಸ್ಪ್ರೇಗೆ ಕೈ ಒಡ್ಡಲೇಬೇಡಿ, ಚರ್ಮ ತೂರಿ ಒಳಹೋಗುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ನಾಝಲ್ ಕೂರುವ ಗುಳಿಯೊಳಗೆ ಹಳೇ ತಾಮ್ರದ ವಾಷರ್ ಅಂಟಿಕೊಂಡಿರುತ್ತದೆ, ಅದನ್ನು ಕೆದಕಿ ತೆಗೆದೇ ಹೊಸದನ್ನು ಹಾಕಿ.

ನೀರು

ಬೆಂಗಳೂರು ಸುತ್ತಲಿನ ಬೋರ್‌ವೆಲ್ ನೀರು ಗಡಸು. ವರ್ಷಾನುಗಟ್ಟಲೆ ಅದನ್ನೇ ಹಾಕಿದ ಇಂಜಿನ್ನಿನೊಳಗೆ ಸುಣ್ಣದ ಪದರ ಕಟ್ಟಿರುತ್ತದೆ, ನೀರು ತುಂಬಿದ್ದರೂ ಇಂಜಿನ್ ಕಾಯುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಲೀಟರ್ ಬಿಸಿನೀರಿಗೆ 50 ಗ್ರಾಂನಂತೆ ಕರಗಿಸಿ ತುಂಬಿ, ಮೂರು ನಾಲ್ಕು ಗಂಟೆ ಬಿಟ್ಟು ಚೆಲ್ಲಿ. ಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ರೇಡಿಯೇಟರ್ ಅಲ್ಯೂಮಿನಿಯಂ ಆಗಿದ್ದರೆ ಅದನ್ನು ಬೇರೆ ಮಾಡಿ, ಬ್ಲಾಕಿಗೆ ಮಾತ್ರ ಹಾಕಿ. ಇನ್ನು ಮುಂದೆ ಮಳೆನೀರೋ ಕಾವೇರಿ ನೀರೋ ಹಾಕುವುದು ಲೇಸು. ರೇಡಿಯೇಟರ್ ಇರುವ ಮಾಡೆಲಿಗೆ ಕೂಲೆಂಟ್ ಬೆರೆಸಿದರೆ ಒಳಗೆ ತುಕ್ಕೂ ಹಿಡಿಯದು.

ಬೆಲ್ಟ್, ಕ್ಲಚ್, ಗೇರ್

ಬೆಲ್ಟಿನ ಮೇಲೆ ಅಚ್ಚಾದ ನಂಬರ್ ಓದಿ ಅದೇ ನಂಬರಿನ ಪೂರ್ತಿ ಸೆಟ್ ತನ್ನಿ. ಒಂದು ಹೊಸದು, ಎರಡು ಹಳೇದು ಹಾಕಿದರೆ ಹೊಸದೊಂದೇ ಭಾರ ಎಳೆದು ಬೇಗ ಹರಿಯುತ್ತದೆ. ಎರಡು ಪುಲ್ಲಿಗಳ ಮೈಗೆ ದಾರ ಹಿಡಿದು ಒಂದೇ ಗೆರೆಯಲ್ಲಿವೆಯಾ ನೋಡಿ, ನಂತರ ಇಂಜಿನ್ ಸರಿಸಿ ಬಿಗಿ ಮಾಡಿ. ನಡುವೆ ಹೆಬ್ಬೆರಳಿಂದ ಒತ್ತಿದರೆ ಒಂದೂವರೆ ಸೆಂ.ಮೀ. ಆಸುಪಾಸು ತಗ್ಗಬೇಕು.

ನಿಂತ ಟಿಲ್ಲರಿನಲ್ಲಿ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರುತ್ತವೆ. ಕ್ಲಚ್ ಲಿವರನ್ನು ಬಿಡಿಸಿದ ಸ್ಥಾನದಲ್ಲಿ ಕಟ್ಟಿ, ಗೇರ್ ಹಾಕಿ, ಇಬ್ಬರು ಹಿಂದೆ ಮುಂದೆ ಜಗ್ಗಿದರೆ ಎಷ್ಟೋ ಸಲ ಬಿಡುತ್ತವೆ. ಬಿಡದಿದ್ದರೆ ಪುಲ್ಲಿ ಬಿಚ್ಚಿ ಪ್ಲೇಟುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ. ಪ್ಲೇಟ್ ಎಣ್ಣೆ ಕುಡಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದು ಹಾಕಿ. ಅದಕ್ಕೂ ಮೊದಲು ಗೇರ್‌ಬಾಕ್ಸ್ ಶಾಫ್ಟಿನ ಆಯಿಲ್ ಸೀಲ್ ಬದಲಾಯಿಸಿ, ಇಲ್ಲದಿದ್ದರೆ ಹೊಸ ಪ್ಲೇಟಿಗೂ ಅದೇ ಗತಿ. ಸೀಲ್, ಬೇರಿಂಗ್ ಎಲ್ಲ ನಂಬರಿನ ಮಾಲು. ಹಳೇದನ್ನು ಒರೆಸಿ ನಂಬರ್ ಓದಿಕೊಂಡು ಹೋದರೆ ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆ ಸುತ್ತಮುತ್ತ ಸಿಗುತ್ತವೆ. ಪಂಪ್, ಪಿಸ್ಟನ್ ಕಿಟ್, ಕ್ಲಚ್ ಪ್ಲೇಟ್ ಮಾತ್ರ ಕಂಪನಿ ಡೀಲರಲ್ಲೇ ತನ್ನಿ.

ಟಿಲ್ಲರ್ ಹಿಡಿದು ನಡೆಸುವ ಹ್ಯಾಂಡಲಿನ ಕೆಳಗಿನ ಎಡ ಬಲ ಸ್ಟೀರಿಂಗ್ ಕ್ಲಚ್ ಲಿವರುಗಳು ಒತ್ತಿದಾಗ ಆಯಾ ಕಡೆಯ ಚಕ್ರ ಪೂರ್ತಿ ಬಿಡಬೇಕು, ಕೈಬಿಟ್ಟರೆ ಮತ್ತೆ ಕಚ್ಚಬೇಕು. ಗೇರ್‌ಬಾಕ್ಸಿಗೂ ಚೈನ್ ಕೇಸಿಗೂ 90 ನಂಬರ್ ಆಯಿಲ್. ರೋಟರಿ ಬ್ಲೇಡುಗಳಲ್ಲಿ ಎಡದ್ದು ಬಲದ್ದು ಬೇರೆ ಬೇರೆ ಇರುತ್ತವೆ, ಹರಿತದ ಅಂಚು ಮಣ್ಣಿಗೆ ಮೊದಲು ತಾಗುವಂತೆ ಕಟ್ಟಿ, 8.8 ಗ್ರೇಡಿನ ಬೋಲ್ಟನ್ನೇ ಬಳಸಿ.

ಈಗ ಹ್ಯಾಂಡಲ್

ಇಂಜಿನ್ನಿಗೆ ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಹೊಸ ಡೀಸೆಲ್ ಇಂಜಿನ್ ಆಯಿಲ್, ಡಿಪ್‌ಸ್ಟಿಕ್ ಗುರುತಿನವರೆಗೆ. ಏರ್ ಕ್ಲೀನರಿನ ಬಟ್ಟಲಿಗೂ ಅದೇ ಆಯಿಲ್, ಗುರುತು ಮೀರದಂತೆ. ಡೀಸೆಲ್ ಬಂದ್ ಮಾಡಿ, ಡಿಕಂಪ್ರೆಶನ್ ಎತ್ತಿ, ಐವತ್ತು ಸುತ್ತು ಹ್ಯಾಂಡಲ್ ತಿರುಗಿಸಿ, ರಾಕರ್ ತನಕ ಆಯಿಲ್ ಏರಲಿ.

ಆಮೇಲೆ ಏರ್ ತೆಗೆಯುವ ಕೆಲಸ. ಮೊದಲು ಫಿಲ್ಟರ್ ಸ್ಕ್ರೂ, ನಂತರ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಿರಿ. ಕೊನೆಗೆ ನಾಝಲ್ ಪೈಪಿನ ನಟ್ ಸಡಿಲಿಸಿ, ಆಕ್ಸಿಲರೇಟರ್ ಕೊಟ್ಟು ತಿರುಗಿಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಈಗ ತಿರುಗಿಸಿದರೆ ಪ್ರತಿ ಎರಡು ಸುತ್ತಿಗೊಮ್ಮೆ ನಾಝಲಿನಿಂದ ‘ಕರಕ್’ ಎಂಬ ಒಣ ಸದ್ದು ಕೇಳಬೇಕು. ಆ ಸದ್ದಿಲ್ಲದೆ ಎಷ್ಟು ಹೊಡೆದರೂ ತೋಳು ನೋಯುವುದಷ್ಟೇ.

ಸ್ಟಾರ್ಟ್ ಮಾಡುವ ಮುನ್ನ ಒಬ್ಬರು ಅಗಲವಾದ ಹಲಗೆ ಹಿಡಿದು ಏರ್ ಕ್ಲೀನರ್ ಪಕ್ಕ ನಿಂತಿರಲಿ. ಇಂಜಿನ್ ವೇಗ ಕೈಮೀರಿದರೆ ಗಾಳಿಯ ಬಾಯಿಯನ್ನು ಆ ಹಲಗೆಯಿಂದ ಮುಚ್ಚಬೇಕು, ಕೈಯಿಂದಲ್ಲ. ಡೀಸೆಲ್ ಕಾಕ್ ತಿರುಗಿಸಿದರೆ ಪೈಪಿನಲ್ಲಿರುವುದು ಮುಗಿಯುವವರೆಗೂ ಓಡುತ್ತಲೇ ಇರುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಒದ್ದರೆ ಹೆಬ್ಬೆರಳು ಉಳಿಯುತ್ತದೆ. ಬೆಲ್ಟ್ ಕವರ್ ಹಾಕಿರಬೇಕು, ಯಂತ್ರ ಬಯಲಲ್ಲಿರಬೇಕು.

ಮೊದಲ ಐದು ನಿಮಿಷ ನಿಧಾನಗತಿ. ಆಯಿಲ್ ಸೂಚಕ ಏಳದಿದ್ದರೆ ತಕ್ಷಣ ನಿಲ್ಲಿಸಿ. ಬಿಳಿ ಹೊಗೆ ಕಾದ ಮೇಲೂ ಹೋಗದಿದ್ದರೆ ಟೈಮಿಂಗ್, ಕಂಪ್ರೆಶನ್ ಅಥವಾ ಸಿಲಿಂಡರಿಗೆ ನೀರು. ಕಪ್ಪು ಹೊಗೆ ಬಂದರೆ ಏರ್ ಕ್ಲೀನರ್ ಕಟ್ಟಿದೆ, ಇಲ್ಲವೇ ನಾಝಲ್ ಹನಿಯುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಹೊಸ ರಿಂಗ್ ಹಾಕಿದ್ದರೆ ಒಂದೆರಡು ದಿನ ಕ್ಷಮಿಸಬಹುದು. ತಣ್ಣಗಾದ ಮೇಲೆ ಹೆಡ್ ನಟ್ ಮತ್ತೊಮ್ಮೆ ಟಾರ್ಕ್ ಮಾಡಿ, ಟ್ಯಾಪೆಟ್ ಮತ್ತೆ ನೋಡಿ.

ತೋಟದಲ್ಲಿ ಮೊದಲ ದಿನಗಳು

ಮೊದಲ 20–25 ಗಂಟೆ ಹದ ಬಂದ ಮಣ್ಣಿನಲ್ಲಿ ತೆಳುವಾಗಿ ಓಡಿಸಿ, ಒಣಗಿದ ಕೆಂಪು ನೆಲಕ್ಕೆ ಇಳಿಸಬೇಡಿ. ಅಷ್ಟಾದ ಮೇಲೆ ಇಂಜಿನ್ ಆಯಿಲ್ ಬದಲಾಯಿಸಿ.

ಟಿಲ್ಲರಿಗೆ ಹೊಸಬರಾಗಿದ್ದರೆ ಇದೊಂದು ಗೊತ್ತಿರಲೇಬೇಕು: ಇಳಿಜಾರಿನಲ್ಲಿ ಸ್ಟೀರಿಂಗ್ ಉಲ್ಟಾ. ಇಳಿಯುವಾಗ ಇಂಜಿನ್ ಚಕ್ರಗಳನ್ನು ಹಿಡಿದಿರುತ್ತದೆ. ಎಡ ಲಿವರ್ ಒತ್ತಿದರೆ ಎಡ ಚಕ್ರ ಬಿಡುಗಡೆಯಾಗಿ ಜೋರಾಗಿ ಉರುಳುತ್ತದೆ, ಯಂತ್ರ ಬಲಕ್ಕೆ ತಿರುಗುತ್ತದೆ. ಏರಿ ದಾಟುವಾಗ ಲಿವರ್ ಮುಟ್ಟದೆ ಹ್ಯಾಂಡಲ್ ತಳ್ಳಿಯೇ ತಿರುಗಿಸಿ, ಕೆಳಗಿನ ಗೇರಿನಲ್ಲೇ ಇಳಿಸಿ.

ಬಣ್ಣ ಬಳಿಯುವುದಿದ್ದರೆ ಈಗ ಬಳಿಯಿರಿ. ಮೊದಲೇ ಬಳಿದಿದ್ದರೆ ಎಲ್ಲಿ ಸೋರುತ್ತದೆ ಅಂತ ಕಾಣುತ್ತಲೇ ಇರಲಿಲ್ಲ. ಇಂಜಿನ್, ಚಾಸಿಸ್ ನಂಬರಿನ ಮೇಲೆ ಬಣ್ಣ ಬೀಳದಂತೆ ಟೇಪ್ ಅಂಟಿಸಿ.

ಹಂಗಾಮು ಮುಗಿದು ನಿಲ್ಲಿಸುವಾಗ ರೋಟರಿಯ ಹುಲ್ಲು ಕುಯ್ದು ತೆಗೆದು, ಟ್ಯಾಂಕ್ ತುಂಬಿಸಿ, ಕ್ಲಚ್ ಲಿವರನ್ನು ಬಿಡಿಸಿದ ಸ್ಥಾನದಲ್ಲಿ ಕಟ್ಟಿ. ಫ್ಲೈವೀಲನ್ನು ಕಂಪ್ರೆಶನ್ ತಡೆಯುವ ಜಾಗಕ್ಕೆ ತಂದು ಬಿಟ್ಟರೆ ಎರಡೂ ವಾಲ್ವ್ ಮುಚ್ಚಿರುತ್ತವೆ. ಸೈಲೆನ್ಸರ್ ಬಾಯಿಗೆ ಡಬ್ಬ ಬೋರಲು ಹಾಕಿ, ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ.